ಮನೆಗೆ ಹೋಗುವವರು ಒಬ್ಬರು, ಮತ್ತೆ ತರಗತಿಗೆ ಕೂರುವವರು ನಾಲ್ವರು

ಅಮೆರಿಕದ ವಿಮಾನಯಾನ ಸಂಸ್ಥೆಯೊಂದು ನೂರು ಪೈಲಟ್‌ಗಳನ್ನು ಫರ್ಲೋ ಮಾಡಿದೆ ಎಂಬ ಸುದ್ದಿ ಓದಿದ ಕೂಡಲೇ ನಾವೆಲ್ಲ ಮನಸ್ಸಿನಲ್ಲೇ ಒಂದು ಗುಣಾಕಾರ ಮಾಡಿಬಿಡುತ್ತೇವೆ. ನೂರು ಜನ, ಇಂತಿಷ್ಟು ಸಂಬಳ, ವರ್ಷಕ್ಕೆ ಇಷ್ಟು ಉಳಿತಾಯ. ಲೆಕ್ಕಪತ್ರ ವಿಭಾಗದವರು ಮೊದಲು ಮಾಡುವುದೂ ಇದನ್ನೇ. ಈ ಗುಣಾಕಾರ ಎಲ್ಲಿ ತಪ್ಪುತ್ತದೆ ಅನ್ನುವುದೇ ಇವತ್ತಿನ ವಿಷಯ. ಉಳಿತಾಯ ಸಂಬಳದ ಪಟ್ಟಿಯಲ್ಲಿ ಕಾಣಿಸುತ್ತದೆ. ಖರ್ಚು ಕಾಣಿಸುವುದು ತರಬೇತಿ ಕೇಂದ್ರದಲ್ಲಿ, ಅದೂ ಕೆಲವು ತಿಂಗಳು ತಡವಾಗಿ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವವರು ಕಡಿಮೆ.

ಫರ್ಲೋ ಅಂದರೆ ವಜಾ ಅಲ್ಲ. ಕೆಲಸವಿಲ್ಲ, ಸಂಬಳವಿಲ್ಲ, ಆದರೆ ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಹಾಗೇ ಇರುತ್ತದೆ. ಕೊನೆಗೆ ಸೇರಿದವರು ಮೊದಲು ಹೊರಗೆ. ಕರೆಯುವಾಗ ಇದೇ ಪಟ್ಟಿಯನ್ನು ಮೇಲಿನಿಂದ ಓದುತ್ತಾರೆ. ಅಮೆರಿಕದ ದೊಡ್ಡ ಸಂಸ್ಥೆಗಳಲ್ಲಿ ಪೈಲಟ್ ಯಾವ ವಿಮಾನ ಹಾರಿಸಬೇಕು, ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್ ಆಗಿ ಕೂರಬೇಕೋ ಬಲಗಡೆ ಫಸ್ಟ್ ಆಫೀಸರ್ ಆಗಿಯೋ, ಯಾವ ಊರಿನಿಂದ ಹೊರಡಬೇಕು, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲವನ್ನೂ ಆ ಸಂಖ್ಯೆಯೇ ತೀರ್ಮಾನಿಸುತ್ತದೆ. ಇಪ್ಪತ್ತು ವರ್ಷದ ಅನುಭವಿ ಕ್ಯಾಪ್ಟನ್ ಬೇರೆ ಸಂಸ್ಥೆಗೆ ಹೋದರೂ ಅಲ್ಲಿನ ಪಟ್ಟಿಯ ತಳದಿಂದಲೇ ಶುರು. ಹಾಗಾಗಿ ಯಾರೂ ಸುಲಭವಾಗಿ ಕದಲುವುದಿಲ್ಲ. ಸಂಸ್ಥೆಗಾದರೂ ಬೇಕಾದವರನ್ನು ಇಟ್ಟುಕೊಂಡು ಬೇಡದವರನ್ನು ಕಳಿಸುವ ಸ್ವಾತಂತ್ರ್ಯವಿಲ್ಲ. ತೊಂದರೆ ಹುಟ್ಟುವುದು ಇಲ್ಲೇ.

ಹೇಗೆ ಅಂತ ನೋಡಿ. ಹಿಂಜರಿತ ಬಂದಾಗ ಮೊದಲು ನೆಲಕಚ್ಚುವುದು ಹಳೆಯ ವಿಮಾನಗಳು, ಇಲ್ಲವೇ ತುಂಬದೆ ಹಾರುವ ದೊಡ್ಡ ವಿಮಾನಗಳು. ಸಂಸ್ಥೆಯೊಂದು ಕೆಲವು ಬೋಯಿಂಗ್ 777ಗಳನ್ನು ನಿಲ್ಲಿಸಿತು ಅಂದುಕೊಳ್ಳೋಣ. ಹೆಚ್ಚುವರಿಯಾದದ್ದು 777ರ ಕ್ಯಾಪ್ಟನ್ ಸೀಟು. ಅದರಲ್ಲಿ ಕೂತಿದ್ದವರು ಪಟ್ಟಿಯ ತುದಿಯಲ್ಲಿರುವವರು, ಅವರನ್ನು ಮನೆಗೆ ಕಳಿಸುವಂತಿಲ್ಲ. ಅವರು 767ರ ಕ್ಯಾಪ್ಟನ್ ಸೀಟು ಕೇಳುತ್ತಾರೆ. ಅಲ್ಲಿದ್ದ ಕಿರಿಯ ಕ್ಯಾಪ್ಟನ್ ಜಾಗ ಬಿಟ್ಟು ಚಿಕ್ಕ ವಿಮಾನವಾದ ಏರ್‌ಬಸ್ ಎ320ರ ಕ್ಯಾಪ್ಟನ್ ಸೀಟಿಗೆ ಬರುತ್ತಾರೆ. ಎ320ರಲ್ಲಿ ಎಲ್ಲರಿಗಿಂತ ಕಿರಿಯ ಕ್ಯಾಪ್ಟನ್‌ಗೆ ಈಗ ಎಡಗಡೆ ಸೀಟೇ ಇಲ್ಲ. ಅವರು 767ರ ಫಸ್ಟ್ ಆಫೀಸರ್ ಆಗುತ್ತಾರೆ. ಅಲ್ಲಿಂದ ಎದ್ದವರು ಎ320ರ ಬಲಗಡೆ ಸೀಟಿಗೆ. ಅಲ್ಲಿಂದ ಎದ್ದವರು ಮನೆಗೆ.

ಎಣಿಸಿ. ಕಡಿಮೆಯಾದದ್ದು ಒಂದು ಸೀಟು, ಮನೆಗೆ ಹೋದವರು ಒಬ್ಬರು, ಹೊಸದಾಗಿ ತರಬೇತಿ ಬೇಕಾದವರು ನಾಲ್ವರು. ಇದಕ್ಕೆ ಅಲ್ಲಿ ಡಿಸ್‌ಪ್ಲೇಸ್‌ಮೆಂಟ್ ಅನ್ನುತ್ತಾರೆ. ನಾವು ಸ್ಥಾನಪಲ್ಲಟ ಅನ್ನೋಣ. ಎ320ರ ಕ್ಯಾಪ್ಟನ್ ಅದೇ ವಿಮಾನದ ಬಲಗಡೆ ಸೀಟಿಗೆ ಇಳಿಯಲು ಒಪ್ಪಿದರೆ ಸರಪಳಿ ಒಂದು ಕೊಂಡಿ ಗಿಡ್ಡವಾಗುತ್ತದೆ, ಅವರ ಕೋರ್ಸೂ ಚಿಕ್ಕದಾಗುತ್ತದೆ. ಆದರೆ ಆಯ್ಕೆ ಅವರದು, ಸಂಸ್ಥೆಯದಲ್ಲ. ಯೋಜನೆ ಹಾಕುವವರಿಗೆ ಸರಪಳಿ ಎಷ್ಟು ಉದ್ದ ಅನ್ನುವುದು ಬಿಡ್, ಅಂದರೆ ಪೈಲಟ್‌ಗಳು ತಮಗೆ ಬೇಕಾದ ಸೀಟು ಕೇಳುವ ಪ್ರಕ್ರಿಯೆ, ಮುಗಿಯುವವರೆಗೂ ಗೊತ್ತಿರುವುದಿಲ್ಲ. ಬರೀ 737 ಹಾರಿಸುವ ಸೌತ್‌ವೆಸ್ಟ್‌ನಂಥ ಸಂಸ್ಥೆಗೆ ಈ ಕಾಟ ಬಹುಪಾಲು ಇಲ್ಲ. ಅಲ್ಲಿ ಎಡದಿಂದ ಬಲಕ್ಕೆ ಇಳಿಯುವುದಷ್ಟೇ ಇರುತ್ತದೆ. ಐದಾರು ಮಾದರಿ ವಿಮಾನ ಇಟ್ಟುಕೊಂಡವರಿಗೆ ಪ್ರತಿ ಮಾದರಿಯೂ ಒಂದೊಂದು ಮೆಟ್ಟಿಲು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. 2008ರ ಜೂನ್‌ನಲ್ಲಿ, ಇಂಧನದ ಬೆಲೆ ಆಕಾಶಕ್ಕೇರಿದ್ದಾಗ, ಯುನೈಟೆಡ್ ಏರ್‌ಲೈನ್ಸ್ ನೂರು ವಿಮಾನಗಳನ್ನು ನಿಲ್ಲಿಸುವುದಾಗಿ ಹೇಳಿತು. 94 ಬೋಯಿಂಗ್ 737, 6 ಬೋಯಿಂಗ್ 747. ಅಂದರೆ 737 ಎಂಬ ಮಾದರಿಯೇ ಆ ಸಂಸ್ಥೆಯಿಂದ ಮಾಯ. ಒಂದು ಮಾದರಿಯಲ್ಲಿ ಹತ್ತು ವಿಮಾನ ಕಡಿಮೆಯಾದರೆ ಹಿರಿಯರಾದರೂ ಅಲ್ಲೇ ಉಳಿಯುತ್ತಾರೆ. ಮಾದರಿಯನ್ನೇ ತೆಗೆದರೆ ಅದರ ಒಬ್ಬೊಬ್ಬ ಪೈಲಟ್‌ಗೂ ಮರುತರಬೇತಿ, ಇಲ್ಲವೇ ಮನೆ. ಆ ಸುತ್ತಿನಲ್ಲಿ ಅಲ್ಲಿ 1,400ಕ್ಕೂ ಹೆಚ್ಚು ಪೈಲಟ್‌ಗಳು ಫರ್ಲೋ ಆದರು. ಅವರಲ್ಲಿ 2001ರ ನಂತರ ಒಮ್ಮೆ ಮನೆಗೆ ಹೋಗಿ ವಾಪಸ್ ಬಂದಿದ್ದವರೂ ಇದ್ದರು. ತಮಾಷೆ ಏನೆಂದರೆ, 2010ರಲ್ಲಿ ಯುನೈಟೆಡ್ ಕಾಂಟಿನೆಂಟಲ್ ಜೊತೆ ವಿಲೀನವಾಯಿತು. ಕಾಂಟಿನೆಂಟಲ್ ಬಳಿ ಇದ್ದದ್ದು ಹೆಚ್ಚಾಗಿ 737ಗಳೇ.

ಇನ್ನು ಒಂದು ಕೋರ್ಸ್ ಅಂದರೆ ಏನು ಅಂತ ಬಿಡಿಸಿ ನೋಡೋಣ. ಮೊದಲ ಎರಡು ಮೂರು ವಾರ ವಿಮಾನದ ವ್ಯವಸ್ಥೆಗಳ ಪಾಠ: ಹೈಡ್ರಾಲಿಕ್ಸ್, ವಿದ್ಯುತ್, ಇಂಧನ, ಆಟೊಪೈಲಟ್. ಬಳಿಕ ಅಲುಗಾಡದ, ಕಾಕ್‌ಪಿಟ್‌ನ ಪ್ರತಿರೂಪದಂಥ ಯಂತ್ರದಲ್ಲಿ ಕೈ ಪಳಗಿಸುವ ಅಭ್ಯಾಸ. ಅದರ ನಂತರ ಪೂರ್ಣ ಚಲನೆಯ ಸಿಮ್ಯುಲೇಟರ್, ಸುಮಾರು ಎಂಟರಿಂದ ಹತ್ತು ಪಾಳಿ. ಒಂದು ಪಾಳಿ ನಾಲ್ಕು ಗಂಟೆ. ಇಬ್ಬರು ಪೈಲಟ್‌ಗಳು, ಹಿಂದೆ ಒಬ್ಬ ಬೋಧಕ. ಆಮೇಲೆ ಪರೀಕ್ಷೆ. ಇದಿಷ್ಟಕ್ಕೆ ಐದಾರು ವಾರ ಹಿಡಿಯುತ್ತದೆ. ಅಷ್ಟೂ ದಿನ ಸಂಬಳ, ಹೋಟೆಲ್, ದಿನಭತ್ಯೆ ಎಲ್ಲ ನಡೆಯುತ್ತದೆ, ಆದರೆ ಆ ಪೈಲಟ್ ಒಬ್ಬ ಪ್ರಯಾಣಿಕನನ್ನೂ ಎಲ್ಲಿಗೂ ಒಯ್ಯುವುದಿಲ್ಲ. ಜೋಡಿಯಲ್ಲಿ ಒಬ್ಬರಿಗೆ ನೆಗಡಿಯಾಯಿತು ಅನ್ನಿ, ಇನ್ನೊಬ್ಬರ ಪಾಳಿಯೂ ಕೆಡುತ್ತದೆ. ಇಲ್ಲದಿದ್ದರೆ ಹಾರಾಟದಲ್ಲಿರುವ ಮತ್ತೊಬ್ಬ ಪೈಲಟ್‌ನನ್ನು ಕರೆಸಿ ಖಾಲಿ ಸೀಟಿನಲ್ಲಿ ಕೂರಿಸಬೇಕು. ಅವರಿಗೂ ಆ ದಿನದ ಸಂಬಳ ಇದ್ದೇ ಇದೆ.

ಪರೀಕ್ಷೆ ಪಾಸಾದರೂ ಮುಗಿಯಲಿಲ್ಲ. ಪ್ರಯಾಣಿಕರಿರುವ ನಿಜವಾದ ವಿಮಾನದಲ್ಲಿ ಚೆಕ್ ಪೈಲಟ್ (ಹೊಸಬರ ಹಾರಾಟವನ್ನು ಪರಿಶೀಲಿಸುವ ಅನುಭವಿ ಪೈಲಟ್) ಪಕ್ಕದಲ್ಲಿ ಕೂತು ಹಾರಬೇಕು. ದೊಡ್ಡ ಜೆಟ್‌ಗಳಿಗೆ ಇದು ಸಾಮಾನ್ಯವಾಗಿ 25 ಗಂಟೆ. ಹೆಚ್ಚುವರಿ ಟೇಕಾಫ್, ಲ್ಯಾಂಡಿಂಗ್ ಮಾಡಿಸಿ ಅರ್ಧದವರೆಗೆ ಇಳಿಸಬಹುದು. ಬಜೆಟ್ ಮಾಡುವವರ ಕಣ್ಣಿಗೆ ಬೀಳದ ಖರ್ಚು ಇಲ್ಲೊಂದಿದೆ. ಮಂಗಳವಾರದ ಆ ಹಾರಾಟವನ್ನು ತಿಂಗಳ ಮುಂಚೆಯೇ ಒಬ್ಬ ಫಸ್ಟ್ ಆಫೀಸರ್ ತನ್ನ ಸಂಖ್ಯೆಯ ಬಲದಿಂದ ಪಡೆದುಕೊಂಡಿರುತ್ತಾರೆ. ಈಗ ಅವರನ್ನು ಎಬ್ಬಿಸಿ ತರಬೇತಿಯವರನ್ನು ಕೂರಿಸಬೇಕು. ಎದ್ದವರು ಮನೆಯಲ್ಲಿರುತ್ತಾರೆ, ಸಂಬಳ ಪೂರ್ತಿ ಬರುತ್ತದೆ. ಒಂದೇ ಸೀಟು, ಎರಡು ಸಂಬಳ. ಕ್ಯಾಪ್ಟನ್ ತರಬೇತಿಯಾದರೆ ಚೆಕ್ ಪೈಲಟ್ ಬಲಗಡೆ ಸೀಟಿಗೆ ಬರುತ್ತಾರೆ. ಆಗಲೂ ಏಳಬೇಕಾದವರು ಅದೇ ಫಸ್ಟ್ ಆಫೀಸರ್.

ಈಗ ಲೆಕ್ಕ. ಇಲ್ಲಿ ಬಳಸುವ ಮೊತ್ತಗಳು ಲೆಕ್ಕದ ಅನುಕೂಲಕ್ಕೆ ನಾನು ಇಟ್ಟುಕೊಂಡವು. ನಿಮ್ಮ ಬಳಿ ನಿಜವಾದ ಅಂಕಿ ಇದ್ದರೆ ಅದನ್ನೇ ಹಾಕಿ. ಪಟ್ಟಿಯ ತಳದ ಫಸ್ಟ್ ಆಫೀಸರ್‌ಗೆ ವರ್ಷಕ್ಕೆ 90,000 ಡಾಲರ್ ಸಂಬಳ, ಅದರ ಮೇಲೆ ಕಾಲುಭಾಗ ಇತರ ಸೌಲಭ್ಯ. ಒಟ್ಟು 1,12,500. ತಿಂಗಳಿಗೆ 9,375 ಡಾಲರ್ ಉಳಿತಾಯ. ಒಂದು ಕೋರ್ಸ್‌ಗೆ ಸಂಬಳವೂ ಸೇರಿ 30,000 ಅಂದುಕೊಳ್ಳಿ. ನಾಲ್ಕು ಕೋರ್ಸ್‌ಗೆ 1,20,000. ಅಂದರೆ ಮೊದಲ ಹದಿಮೂರು ತಿಂಗಳ ಉಳಿತಾಯ ಇಳಿಯುವ ಸರಪಳಿಗೇ ಸರಿಹೋಯಿತು. ಮಾರುಕಟ್ಟೆ ಸುಧಾರಿಸಿದಾಗ ಇದೇ ಸರಪಳಿ ಮೇಲಕ್ಕೆ ಹತ್ತುತ್ತದೆ. ಈಗ ಐದು ಕೋರ್ಸ್, ಯಾಕೆಂದರೆ ಮನೆಯಿಂದ ಬಂದವರಿಗೂ ಒಂದು ಬೇಕು. 1,50,000. ಎರಡೂ ಸೇರಿ 2,70,000. ಆ ಪೈಲಟ್ ಹತ್ತಿರಹತ್ತಿರ 29 ತಿಂಗಳು ಹೊರಗಿದ್ದರೆ ಮಾತ್ರ ಖರ್ಚು ಸರಿದೂಗುತ್ತದೆ. ಅದಕ್ಕೆ ಮುಂಚೆ ಕರೆದರೆ ಮೂಗಿಗಿಂತ ಮೂಗುತಿ ಭಾರ.

ಸರಪಳಿ ಗಿಡ್ಡವಿದ್ದರೆ ಈ ಲೆಕ್ಕ ಬದಲಾಗುತ್ತದೆ. ನಿಲ್ಲಿಸಿದ್ದು ಎ320ಗಳನ್ನೇ ಆಗಿದ್ದರೆ, ತಳದ ಫಸ್ಟ್ ಆಫೀಸರ್‌ಗಳು ನೇರವಾಗಿ ಹೊರಗೆ ಹೋಗುತ್ತಾರೆ, ಕೋರ್ಸ್‌ಗಳು ಕೆಲವೇ ಕೆಲವು. ಹಾಗಾಗಿ ಎಷ್ಟು ಜನರನ್ನು ಕಳಿಸುತ್ತೀರಿ ಅಂತ ಕೇಳಿ ಪ್ರಯೋಜನವಿಲ್ಲ, ಎಷ್ಟು ಸೀಟು ಬದಲಾಗುತ್ತವೆ ಅಂತ ಕೇಳಬೇಕು.

ಹಣಕ್ಕಿಂತ ಬಿಗಿಯಾದ ಕಟ್ಟು ಇನ್ನೊಂದಿದೆ: ಸಿಮ್ಯುಲೇಟರ್. ಒಂದು ಕೋಟಿ ಡಾಲರ್ ಆಸುಪಾಸಿನ ಯಂತ್ರ, ಬೇಕೆಂದಾಗ ಅಂಗಡಿಯಲ್ಲಿ ಸಿಗುವುದಿಲ್ಲ. ದಿನಕ್ಕೆ ಇಪ್ಪತ್ತು ಗಂಟೆ ಓಡಿಸಿ, ನಾಲ್ಕು ಗಂಟೆ ರಿಪೇರಿಗೆ ಬಿಟ್ಟರೆ ಐದು ಪಾಳಿ, ತಿಂಗಳಿಗೆ 150. ಆ ಮಾದರಿಯಲ್ಲಿ 600 ಪೈಲಟ್‌ಗಳಿದ್ದಾರೆ, ಒಂಬತ್ತು ತಿಂಗಳಿಗೊಮ್ಮೆ ಪ್ರತಿ ಜೋಡಿಗೂ ಮೂರು ಪಾಳಿ ನಿಯತ ತರಬೇತಿ ಅಂತಿಟ್ಟುಕೊಳ್ಳಿ. 300 ಜೋಡಿಗೆ 900 ಪಾಳಿ, ತಿಂಗಳಿಗೆ 100. ಇದನ್ನು ತಪ್ಪಿಸುವಂತಿಲ್ಲ. ನಿಗದಿತ ತಿಂಗಳ ಹಿಂದಿನ ಅಥವಾ ಮುಂದಿನ ತಿಂಗಳಲ್ಲಿ ಮಾಡಿದರೂ ಸಮಯಕ್ಕೆ ಮಾಡಿದಂತೆಯೇ ಎಂಬ ಸಡಿಲಿಕೆ ನಿಯಮದಲ್ಲಿದೆ, ಅದಕ್ಕಿಂತ ಹೆಚ್ಚಿಲ್ಲ. ಉಳಿದದ್ದು 50 ಪಾಳಿ. ಹೊಸ ಜೋಡಿಗೆ ಹತ್ತು ಪಾಳಿಯಂತೆ ಐದು ಜೋಡಿ, ಅಂದರೆ ತಿಂಗಳಿಗೆ ಹತ್ತು ಪೈಲಟ್. 120 ಜನ ಆ ಮಾದರಿಗೆ ಬರಬೇಕಿದ್ದರೆ ಒಂದು ವರ್ಷ. ಎರಡನೇ ಸಿಮ್ಯುಲೇಟರ್ ಬಾಡಿಗೆಗೆ ಸಿಕ್ಕರೆ? 300ರಲ್ಲಿ 100 ಕಳೆದು 200 ಪಾಳಿ, ಇಪ್ಪತ್ತು ಜೋಡಿ, ನಲವತ್ತು ಪೈಲಟ್. ಮೂರೇ ತಿಂಗಳು. ಯಂತ್ರ ಎರಡು ಪಟ್ಟಾಯಿತು, ಕೆಲಸ ನಾಲ್ಕು ಪಟ್ಟಾಯಿತು. ಹೀಗಾಗಿಯೇ ಸಂಕಷ್ಟದ ಕಾಲದಲ್ಲೂ ಸಿಮ್ಯುಲೇಟರ್ ಬಾಡಿಗೆಗೆ ಕೈ ಬಿಗಿಹಿಡಿಯುವುದು ದಡ್ಡತನ ಅನ್ನುತ್ತೇನೆ.

ಈ ಕಟ್ಟಿನಿಂದಾಗಿ ಇನ್ನೊಂದು ಎಡವಟ್ಟು ಆಗುತ್ತದೆ. ಫರ್ಲೋ ದಿನಾಂಕ ಮೊದಲೇ ಘೋಷಣೆಯಾಗಿರುತ್ತದೆ. ದೊಡ್ಡ ಪ್ರಮಾಣದ ಕಡಿತಕ್ಕೆ 60 ದಿನ ಮುಂಚೆ ನೋಟಿಸ್ ಕೊಡಬೇಕೆಂದು ವಾರ್ನ್ ಕಾಯ್ದೆ ಹೇಳುತ್ತದೆ. ಆ 60 ದಿನದಲ್ಲಿ ಸರಪಳಿ ಪೂರ್ತಿ ಇಳಿದಿರುವುದಿಲ್ಲ. ಎ320ರ ತಳದ ಫಸ್ಟ್ ಆಫೀಸರ್ ಹೇಳಿದ ದಿನ ಹೊರಟುಹೋಗುತ್ತಾರೆ. ಅವರ ಸೀಟಿಗೆ ಬರಬೇಕಾದವರು ಇನ್ನೂ 767ರಲ್ಲೇ ಇರುತ್ತಾರೆ, ಸಿಮ್ಯುಲೇಟರ್ ಸರದಿಗೆ ಕಾಯುತ್ತ. ಸಂಸ್ಥೆಯಲ್ಲಿ ಪೈಲಟ್‌ಗಳು ಹೆಚ್ಚಾಗಿದ್ದಾರೆ, ಆದರೆ ಎ320ಕ್ಕೆ ಪೈಲಟ್ ಇಲ್ಲ! ಅನುಭವಸ್ಥರು ಫರ್ಲೋವನ್ನು ಒಂದೇ ದಿನ ಮಾಡದೆ, ತಿಂಗಳಿಗೆ ಎಷ್ಟು ಪೈಲಟ್‌ಗಳು ತರಬೇತಿ ಮುಗಿಸಿ ಬರುತ್ತಾರೋ ಅಷ್ಟಷ್ಟೇ ಕಂತುಗಳಲ್ಲಿ ಮಾಡುವುದು ಇದಕ್ಕೇ.

ಹೊಸ ಸೀಟಿಗೆ ಬಂದವರಿಗೆ ಇನ್ನೆರಡು ನಿಯಮಗಳು ಕಾಯುತ್ತಿರುತ್ತವೆ. ಒಂದು, ಪರೀಕ್ಷೆಯಾದ 120 ದಿನದೊಳಗೆ ಆ ಮಾದರಿಯಲ್ಲಿ 100 ಗಂಟೆ ಹಾರಿರಬೇಕು. ಕಲಿತದ್ದು ಗಟ್ಟಿಯಾಗಲಿ ಅಂತ. ಒಳ್ಳೆಯ ಕಾಲದಲ್ಲಿ ಇದು ಎರಡು ತಿಂಗಳ ಮಾತು. ಹಿಂಜರಿತದಲ್ಲಿ ಹಾರಾಟವೇ ಅರ್ಧ, ಅದರಲ್ಲೂ ಹೊಸಬರು ಮೀಸಲು ಪಟ್ಟಿಯಲ್ಲಿ ಫೋನ್ ಕಾಯುತ್ತ ಕೂತಿರುತ್ತಾರೆ. 120 ದಿನ ಕಳೆಯುತ್ತದೆ, ಮೂವತ್ತೋ ನಲವತ್ತೋ ಗಂಟೆ ಆಗಿರುತ್ತದೆ. 150 ದಿನದವರೆಗೆ ಎಳೆಯಲು ದಾರಿಯಿದೆ, ಆದರೆ ಅದಕ್ಕೂ ಮತ್ತೆ ಹೆಚ್ಚುವರಿ ತರಬೇತಿಯೋ ಪರಿಶೀಲನೆಯೋ ಬೇಕು. ಎರಡು, ಕಾಕ್‌ಪಿಟ್‌ನಲ್ಲಿ ಇಬ್ಬರೂ ಹೊಸಬರಾಗುವಂತಿಲ್ಲ. ಇಬ್ಬರಲ್ಲಿ ಒಬ್ಬರಿಗಾದರೂ ಆ ಮಾದರಿಯಲ್ಲಿ 75 ಗಂಟೆ ಆಗಿರಬೇಕು. ಫಸ್ಟ್ ಆಫೀಸರ್‌ಗೆ 100 ಗಂಟೆ ಆಗಿಲ್ಲದಿದ್ದರೆ, ಅಡ್ಡಗಾಳಿ 15 ನಾಟ್ ಮೀರಿದಾಗ, ರನ್‌ವೇ ಮೇಲೆ ನೀರೋ ಹಿಮವೋ ಇದ್ದಾಗ, ಟೇಕಾಫ್, ಲ್ಯಾಂಡಿಂಗ್ ಎಲ್ಲ ಕ್ಯಾಪ್ಟನ್‌ದೇ. ಮಾಮೂಲಿ ದಿನಗಳಲ್ಲಿ ಹೊಸಬರು ಬೆರಳೆಣಿಕೆಯಷ್ಟು, ಜೋಡಿ ಮಾಡುವುದು ಸಲೀಸು. ಸ್ಥಾನಪಲ್ಲಟದ ನಂತರ ಎಡಗಡೆಯೂ ಹೊಸಬರು, ಬಲಗಡೆಯೂ ಹೊಸಬರು. ಬೆಳಿಗ್ಗೆ ಒಬ್ಬರು ಹುಷಾರಿಲ್ಲ ಅಂದರೆ, ಮೀಸಲಿನಲ್ಲಿ ಹತ್ತು ಜನ ಇದ್ದರೂ ಕಳಿಸಲು ಯೋಗ್ಯರು ಇಬ್ಬರೋ ಮೂವರೋ. ಕೆಲವೊಮ್ಮೆ ವಿಮಾನ ರದ್ದು.

ಚೆಕ್ ಪೈಲಟ್‌ಗಳ ಮಾತು ಬಂತಲ್ಲ, ಅವರೂ ಅದೇ ಜ್ಯೇಷ್ಠತಾ ಪಟ್ಟಿಯವರು, ಸಾಮಾನ್ಯವಾಗಿ ಮೇಲಿನ ಅರ್ಧದವರು. ಫರ್ಲೋ ತಪ್ಪಿಸಲು ಸಂಸ್ಥೆಗಳು ಹಿರಿಯರಿಗೆ ಸ್ವಯಂ ನಿವೃತ್ತಿಯ ಪ್ಯಾಕೇಜ್ ಕೊಡುತ್ತವೆ. ದುಬಾರಿ ಸಂಬಳ ಹೋಗುತ್ತದೆ, ಕಿರಿಯರು ಉಳಿಯುತ್ತಾರೆ, ಕೇಳಲು ಚೆನ್ನಾಗಿದೆ. ಆದರೆ ಹೋದವರಲ್ಲಿ ಬೋಧಕರೂ ಚೆಕ್ ಪೈಲಟ್‌ಗಳೂ ಇರುತ್ತಾರೆ. ಮೇಲಿನ ಸೀಟು ಖಾಲಿಯಾದದ್ದರಿಂದ ಸರಪಳಿ ಈಗ ಮೇಲ್ಮುಖವಾಗಿ ಓಡತೊಡಗುತ್ತದೆ. ಅದನ್ನು ಓಡಿಸಬೇಕಾದವರೇ ಮನೆಯಲ್ಲಿದ್ದಾರೆ. ಹೊಸ ಚೆಕ್ ಪೈಲಟ್ ತಯಾರಾಗಲು ತರಬೇತಿಯ ಜೊತೆಗೆ ವಿಮಾನಯಾನ ನಿಯಂತ್ರಕ ಎಫ್‌ಎಎಯ ಒಪ್ಪಿಗೆಯೂ ಬೇಕು. ಡೆಲ್ಟಾದಲ್ಲಿ 2020ರಲ್ಲಿ ಸುಮಾರು 1,800 ಪೈಲಟ್‌ಗಳು ಹೀಗೆ ನಿವೃತ್ತಿ ತೆಗೆದುಕೊಂಡರು. ಅದೇ ವರ್ಷ ಎಂಡಿ-88, ಎಂಡಿ-90, 777 ಮಾದರಿಗಳೂ ಹೋದವು. ಆ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಡೆಲ್ಟಾ ನೂರಾರು ಹಾರಾಟಗಳನ್ನು ರದ್ದುಮಾಡಬೇಕಾಯಿತು. ಪ್ರಯಾಣಿಕರೇ ಕಡಿಮೆಯಿದ್ದ ವರ್ಷ ಅದು!

ಮನೆಯಲ್ಲಿ ಕೂತವರ ಕಡೆ ಬರೋಣ. ಪೈಲಟ್‌ನ ಅರ್ಹತೆ ಒಂದೇ ಸಲ ಹೋಗುವುದಿಲ್ಲ, ಪದರ ಪದರವಾಗಿ ಕಳಚುತ್ತದೆ. ಮೊದಲು 90 ದಿನದ ನಿಯಮ. ಆ ಅವಧಿಯಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು. ಇಲ್ಲವಾದರೆ ಚೆಕ್ ಪೈಲಟ್ ಎದುರು ಮತ್ತೆ ಮೂರು ಮಾಡಿ ತೋರಿಸಬೇಕು. ಅದರಲ್ಲಿ ಒಂದು ಟೇಕಾಫ್ ಎಂಜಿನ್ ಕೈಕೊಟ್ಟಂತೆ, ಒಂದು ಲ್ಯಾಂಡಿಂಗ್ ಉಪಕರಣಗಳ ಮೇಲೆ ಕನಿಷ್ಠ ಮಿತಿಯವರೆಗೆ ಇಳಿದು, ಒಂದು ಪೂರ್ತಿ ನಿಲ್ಲುವವರೆಗೆ. ಇದಕ್ಕೆ ಒಂದು ಸಿಮ್ಯುಲೇಟರ್ ಪಾಳಿ ಸಾಕು, ಅಗ್ಗದ ದುರಸ್ತಿ. ಅದರ ನಂತರ ಆವರ್ತಕ ಪರೀಕ್ಷೆಯ ತಿಂಗಳು ದಾಟುತ್ತದೆ. ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ನಲವತ್ತರೊಳಗಿನವರಿಗೆ 12 ತಿಂಗಳು, ಮೇಲ್ಪಟ್ಟವರಿಗೆ 6 ತಿಂಗಳು. ಸಂಬಳವಿಲ್ಲದಾಗ ಅದನ್ನು ಕೈಯಿಂದ ಖರ್ಚು ಮಾಡಿ ನವೀಕರಿಸುವವರು ಎಷ್ಟು ಜನ? ಹೊರಗಿದ್ದ ಕಾಲ ಹೆಚ್ಚಿದಷ್ಟೂ ವಾಪಸಾತಿ ಕೋರ್ಸ್ ಬೆಳೆಯುತ್ತ ಹೋಗಿ ಕೊನೆಗೆ ಹೊಸಬರ ಕೋರ್ಸ್‌ನಷ್ಟೇ ಆಗುತ್ತದೆ. ಕೈ ಮರೆಯುವುದಕ್ಕಿಂತ ಬೇಗ ಮರೆಯುವುದು ಕೆಲಸದ ಕ್ರಮ: ಚೆಕ್‌ಲಿಸ್ಟ್ ಯಾವಾಗ ಕರೆಯಬೇಕು, ಫ್ಲಾಪ್ ಯಾವ ಹಂತದಲ್ಲಿ ಕೇಳಬೇಕು, ಟ್ಯಾಕ್ಸಿ ಮಾಡುತ್ತ ರೇಡಿಯೊದಲ್ಲಿ ಬಂದ ಅನುಮತಿಯನ್ನು ಹೇಗೆ ಬರೆದುಕೊಳ್ಳಬೇಕು. ವಿಮಾನ ಇಳಿಸುವುದು ಒಂದೆರಡು ಪಾಳಿಗೆ ವಾಪಸ್ ಬರುತ್ತದೆ, ಈ ಲಯ ಬರುವುದಿಲ್ಲ.

ಹಾಗಾದರೆ ಬೇರೆ ದಾರಿ? ಎಲ್ಲರ ಗಂಟೆಗಳನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು. 2,000 ಪೈಲಟ್‌ಗಳು, 100 ಜನ ಹೆಚ್ಚು, ಅಂದರೆ ನೂರಕ್ಕೆ ಐದು. ತಿಂಗಳಿಗೆ ಖಾತರಿಯ 75 ಗಂಟೆ ಸಂಬಳವನ್ನು 71 ಕಾಲು ಗಂಟೆಗೆ ಇಳಿಸಿದರೆ ಅಷ್ಟೇ ಕೆಲಸ ಎಲ್ಲರಿಗೂ ಹಂಚಿಹೋಗುತ್ತದೆ. ಒಬ್ಬರೂ ಸೀಟು ಬದಲಿಸಬೇಕಿಲ್ಲ. ಹಣದಲ್ಲಿ ನೋಡಿದರೂ ಇದು ಬಲವಾಗಿದೆ. ತಳದ ನೂರು ಜನ ಗಂಟೆಗೆ 90 ಡಾಲರ್‌ನವರು ಅಂದರೆ ಅವರನ್ನು ಕಳಿಸಿ ತಿಂಗಳಿಗೆ ಉಳಿಯುವುದು 6,75,000. ಎಲ್ಲರ ಸರಾಸರಿ ಗಂಟೆಗೆ 200 ಡಾಲರ್ ಅಂದರೆ ಮೂರೂಮುಕ್ಕಾಲು ಗಂಟೆಯ ಕಡಿತದಿಂದ ಉಳಿಯುವುದು 15,00,000. ತಲೆಗಿಷ್ಟು ಅಂತ ಬೀಳುವ ಆರೋಗ್ಯ ವಿಮೆಯಂಥ ಖರ್ಚು ಉಳಿದುಕೊಳ್ಳುತ್ತದೆ, ಆದರೂ ಅಂತರ ದೊಡ್ಡದು. ಅಡ್ಡಿ ಎಲ್ಲಿ? ಹಿರಿಯರು ಒಪ್ಪಬೇಕು. ಫರ್ಲೋದಲ್ಲಿ ನಷ್ಟವೆಲ್ಲ ಕಿರಿಯರದು, ಇಲ್ಲಿ ಹೆಚ್ಚು ಕಳೆದುಕೊಳ್ಳುವವರು ಹಿರಿಯರು. ಸಂಘದಲ್ಲಿ ಮತ ಹಾಕುವವರು ಇಬ್ಬರೂ. 2020ರ ಸೆಪ್ಟೆಂಬರ್‌ನಲ್ಲಿ ಯುನೈಟೆಡ್‌ನ ಪೈಲಟ್‌ಗಳು ಇಂಥದೇ ಒಪ್ಪಂದಕ್ಕೆ ಮತ ಹಾಕಿ ಸುಮಾರು 2,850 ಫರ್ಲೋಗಳನ್ನು ತಪ್ಪಿಸಿಕೊಂಡರು. ಎರಡು ಸಲ ಮನೆಗೆ ಹೋಗಿಬಂದವರು ಆ ಸಂಘದಲ್ಲಿ ಇದ್ದರು ಅನ್ನುವುದನ್ನು ಮರೆಯಬೇಡಿ.

ಅದೇ ವರ್ಷ ಸರ್ಕಾರವೂ ಕೈಹಾಕಿತ್ತು. ಮಾರ್ಚ್‌ನ ಕೋವಿಡ್ ಪರಿಹಾರದ ಕೇರ್ಸ್ ಕಾಯ್ದೆಯಲ್ಲಿ ಪ್ರಯಾಣಿಕ ವಿಮಾನಯಾನಗಳ ಸಂಬಳಕ್ಕೆಂದೇ 2,500 ಕೋಟಿ ಡಾಲರ್‌ವರೆಗೆ ಇಟ್ಟಿತು. ಷರತ್ತು, ಸೆಪ್ಟೆಂಬರ್ 30ರವರೆಗೆ ಬಲವಂತದ ಫರ್ಲೋ ಇಲ್ಲ. ಗಡುವು ಮುಗಿದ ಮರುದಿನವೇ ಅಮೆರಿಕನ್, ಯುನೈಟೆಡ್ ಸೇರಿ ಸಾವಿರಾರು ನೌಕರರನ್ನು ಕಳಿಸಿದವು. ಡಿಸೆಂಬರ್ ಕೊನೆಗೆ ಎರಡನೇ ಕಂತು ಬಂತು, ಅವರನ್ನೆಲ್ಲ ವಾಪಸ್ ಕರೆಯಬೇಕು ಅಂತ. ಮೂರು ತಿಂಗಳು ಹೊರಗಿದ್ದ ಪೈಲಟ್‌ಗಳು ಸಂಬಳದ ಪಟ್ಟಿಗೆ ತಕ್ಷಣ ಬಂದರು. ಕಾಕ್‌ಪಿಟ್‌ಗೆ ಬರಲು ಅವರಲ್ಲಿ ಅನೇಕರು ತರಬೇತಿಯ ಸರದಿ ಕಾಯಬೇಕಾಯಿತು.

ಕೊನೆಯದಾಗಿ, ವಾಪಸ್ ಕರೆಯುವ ಪತ್ರದ ದಿನಾಂಕ. ಬೇಸಿಗೆಯ ಜನಜಂಗುಳಿಗೆ ಜೂನ್ 1ರಂದು ಫಸ್ಟ್ ಆಫೀಸರ್ ಸೀಟಿನಲ್ಲಿರಬೇಕು ಅಂದರೆ ಹಿಂದಕ್ಕೆ ಎಣಿಸಿ. ಚೆಕ್ ಪೈಲಟ್ ಜೊತೆಗಿನ ಹಾರಾಟಕ್ಕೆ ಮೂರು ವಾರ, ಮೇ 11ಕ್ಕೆ ಬಂದೆವು. ಕೋರ್ಸ್‌ಗೆ ಆರು ವಾರ, ಮಾರ್ಚ್ 30. ಕೆಲಸಕ್ಕೆ ಹಾಜರಾಗಲು 30 ದಿನದ ಅವಕಾಶ ಅಂತಿಟ್ಟುಕೊಂಡರೆ ಫೆಬ್ರವರಿ 28. ಕರೆದವರೆಲ್ಲ ಬರುವುದಿಲ್ಲ. ಕೆಲವರು ಸರಕು ವಿಮಾನಗಳಲ್ಲಿ ನೆಲೆಯೂರಿರುತ್ತಾರೆ, ಇನ್ನು ಕೆಲವರು ಈ ಸರದಿ ಬಿಟ್ಟು ಮುಂದಿನ ಸಲ ಬರುತ್ತೇನೆ ಅನ್ನುವ ಹಕ್ಕನ್ನು ಬಳಸುತ್ತಾರೆ. ಅವರ ಉತ್ತರ ಬಂದ ಮೇಲೆ ಪಟ್ಟಿಯ ಮುಂದಿನವರಿಗೆ ಪತ್ರ ಹೋಗಬೇಕು, ಅದಕ್ಕೆ ಎರಡು ವಾರ. ಅಲ್ಲಿಗೆ ಫೆಬ್ರವರಿ ನಡುಭಾಗ. ಇದು ತಳದ ಒಂದು ಕೊಂಡಿಯ ಲೆಕ್ಕ ಮಾತ್ರ, ಮೇಲಿನ ನಾಲ್ಕು ಕೊಂಡಿಗಳು ಇದರ ಬೆನ್ನಿಗೆ ಸಾಲು ನಿಂತಿರುತ್ತವೆ. ಅವನ್ನೂ ಸೇರಿಸಿದರೆ ಮೊದಲ ಪತ್ರಗಳು ಜನವರಿಗೂ ಮುಂಚೆ ಹೊರಡಬೇಕು. ಆ ಪತ್ರಕ್ಕೆ ಸಹಿ ಹಾಕುವವರ ಮೇಜಿನ ಮೇಲಿರುವುದು ಮಾತ್ರ ವರ್ಷದಲ್ಲೇ ವಿಮಾನಗಳು ಅತಿ ಖಾಲಿ ಹೋಗುವ ತಿಂಗಳುಗಳ ಅಂಕಿ.